ಒಂದೇ ಹೆಸರಿನ, ಬೇರೆ ಬೇರೆ ಕಾಲದ ಡಾನ್ಸ್ ಹಾಡುಗಳು ಯಾವ್ಯಾವ ಇವೆ? (ಕಾರವಾರದ ಗ್ಯಾದರಿಂಗ್‌ಗೆ ಬೇಕು)

ಕೋಡಿಬಾಗದವಳು

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ನಮ್ಮ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಡಿಸೆಂಬರ್ ಕೊನೆಗೆ ಗ್ಯಾದರಿಂಗ್ ಇಟ್ಟುಕೊಂಡಿದ್ದೇವೆ. ಊಟದ ಜವಾಬ್ದಾರಿ ಬೇರೆಯವರಿಗೆ ಹೋಯ್ತು, ಮನರಂಜನೆ ನನ್ನ ತಲೆಗೆ ಬಂತು. ಮೂರು ಬ್ಯಾಚಿನವರು ಸ್ಟೇಜ್ ಹತ್ತುತ್ತಾರೆ: 1982ರ ಹಿರಿಯರು, 1996ರವರು, 2019ರ ಹುಡುಗರು. ಸುಮ್ನೆ ಮೂರು ಡಾನ್ಸ್ ಇಟ್ಟರೆ ಅದು ಎಲ್ಲ ಕಡೆ ಇರೋದೇ. ನನಗೆ ಬೇಕಾಗಿರೋದು ಏನಂದ್ರೆ, ಮೂರೂ ಹಾಡಿನ ಹೆಸರು ಒಂದೇ ಇರಬೇಕು, ಹಾಡು ಮಾತ್ರ ಅವರವರ ಕಾಲದ್ದಾಗಿರಬೇಕು. ಮೈಕಿನಲ್ಲಿ ಮತ್ತೆ ಅದೇ ಹೆಸರು ಹೇಳಿದಾಗ ಜನ 'ಅರೆ, ಇದು ಈಗಷ್ಟೇ ಆಯ್ತಲ್ಲ' ಅಂತ ಪಕ್ಕದವರ ಮುಖ ನೋಡಬೇಕು, ಅಷ್ಟರಲ್ಲಿ ಬೇರೆಯದೇ ಟ್ಯೂನ್ ಶುರುವಾಗಬೇಕು.

ಹುಡುಕಿದಾಗ ಮೊದಲು ಸಿಕ್ಕಿದ್ದು ಇಂಗ್ಲಿಷಿನ 'ಜಂಪ್'. 1984ರಲ್ಲಿ ವ್ಯಾನ್ ಹೇಲನ್ ಬ್ಯಾಂಡಿನದು, 1992ರಲ್ಲಿ ಕ್ರಿಸ್ ಕ್ರಾಸ್ ಅನ್ನೋ ಇಬ್ಬರು ಪೋರರದು (ಪ್ಯಾಂಟು ಶರ್ಟು ಹಿಂದುಮುಂದು ಹಾಕಿಕೊಂಡು ಕುಣಿದವರು), 2006ರಲ್ಲಿ ಮಡೋನಾದು. ಮೂರೂ ಬೇರೆ ಬೇರೆ ಹಾಡು. ಆದ್ರೆ 82ರ ಬ್ಯಾಚಿನ ಅಕ್ಕ ಒಬ್ಬರು ಫೋನ್ ಮಾಡಿ, "ಹೆಸರೇ ಜಂಪ್ ಅಂತೀಯಲ್ಲೇ ಮಾರಾಯ್ತಿ, ನಮ್ಮ ಮೊಣಕಾಲನ್ನ ಒಂದು ಮಾತು ಕೇಳಿದ್ಯಾ?" ಅಂದ್ರು. ಅಲ್ಲಿಗೆ ಅದು ಮುಗೀತು. ಅಲ್ಲದೆ ಇಲ್ಲಿನ ಜನಕ್ಕೆ ಗೊತ್ತಿರೋ ಹಾಡು ಬೇಕು, ಕನ್ನಡ, ಹಿಂದಿ, ಕೊಂಕಣಿ ಯಾವುದಾದ್ರೂ ನಡೀತದೆ. ನಿಮಗೆ ಹೊಳೆದದ್ದು ಹೇಳಿ.

ಸಿರ್ಸಿ ಪೇಟೆ

ಏಕ್ ದೋ ತೀನ್. 1951, 1988, 2018. ಮೂರೂ ಸಿಕ್ಕಿತಲ್ಲ, ಚಾ ಕುಡಿಸಿ.

ಹಳೆ ಕ್ಯಾಸೆಟ್

ಸಿರ್ಸಿಯವರೇ, ಸ್ವಲ್ಪ ತಡೀರಿ. ಮೂರು ಇಸವಿಯೂ ಸರಿ ಇದೆ, ಆದ್ರೆ ಹಾಡು ಎರಡೇ.

1951ರದ್ದು 'ಆವಾರಾ' ಸಿನಿಮಾದ್ದು. ಶಂಕರ್-ಜೈಕಿಶನ್ ಸಂಗೀತ, ಶಂಶಾದ್ ಬೇಗಂ ದನಿ, ಪರದೆ ಮೇಲೆ ಕುಣಿದವಳು ಕುಕ್ಕೂ. ಹೆಲೆನ್‌ಗಿಂತ ಮುಂಚೆ ಇಂಥ ಡಾನ್ಸ್ ಅಂದ್ರೆ ಕುಕ್ಕೂನೇ. ಈಗಿನವರಿಗೆ ಈ ಹಾಡು ಇದೆ ಅನ್ನೋದೇ ಗೊತ್ತಿಲ್ಲ, ಯಾಕಂದ್ರೆ ಆ ಸಿನಿಮಾದ ಬೇರೆ ಹಾಡುಗಳು ಇದನ್ನ ನುಂಗಿ ಹಾಕಿದವು. 1988ರದ್ದು 'ತೇಜಾಬ್'. ಲಕ್ಷ್ಮೀಕಾಂತ್-ಪ್ಯಾರೇಲಾಲ್, ಜಾವೇದ್ ಅಖ್ತರ್, ಅಲ್ಕಾ ಯಾಗ್ನಿಕ್, ಮಾಧುರಿ. ಇದರ ಬಗ್ಗೆ ನಾನು ಹೇಳಬೇಕಾಗಿಲ್ಲ. ಫಿಲ್ಮ್‌ಫೇರ್‌ನವರು ನೃತ್ಯ ನಿರ್ದೇಶನಕ್ಕೆ ಅಂತಲೇ ಪ್ರಶಸ್ತಿ ಕೊಡೋಕೆ ಶುರು ಮಾಡಿದ್ದು ಈ ಹಾಡಿನಿಂದ, ಮೊದಲನೇದು ಸರೋಜ್ ಖಾನ್ ಅವರಿಗೆ ಹೋಯ್ತು. ಇವೆರಡೂ ಹೆಸರು ಬಿಟ್ಟರೆ ಒಂದಕ್ಕೊಂದು ಸಂಬಂಧ ಇಲ್ಲದ ಹಾಡುಗಳು, ಅವರು ಕೇಳಿದ್ದೂ ಇದನ್ನೇ ಅಲ್ವಾ. 2018ರ 'ಬಾಘಿ 2' ಸಿನಿಮಾದ್ದು ಮಾತ್ರ 1988ರದ್ದೇ, ಮೇಲೆ ಹೊಸ ಬಣ್ಣ ಬಳಿದಿದ್ದಾರೆ ಅಷ್ಟೆ. ಅದನ್ನ ಮೂರನೇದು ಅಂತ ಎಣಿಸೋದು ನನ್ನ ಪ್ರಕಾರ ಮೋಸ.

ಈ ವ್ಯತ್ಯಾಸ ಇಟ್ಟುಕೊಳ್ಳದಿದ್ರೆ ಪಟ್ಟಿಗೆ ಕೊನೆಯೇ ಇರಲ್ಲ. ಲೈಲಾ ಮೈ ಲೈಲಾ (1980ರ ಕುರ್ಬಾನಿ, 2017ರ ರಯೀಸ್), ದಿಲ್ಬರ್ (1999, 2018), ಆಂಖ್ ಮಾರೇ (1996, 2018), ಸಾಕಿ ಸಾಕಿ (2004, 2019), ಎಲ್ಲಾ ಅದೇ ಜಾತಿ. ಹತ್ತು ವರ್ಷದಿಂದ ಹಿಂದಿಯವರಿಗೆ ಇದೇ ಕಸುಬಾಗಿದೆ. ಸ್ಟೇಜಿನ ಮೇಲೆ ಏನಾಗ್ತದೆ ಯೋಚನೆ ಮಾಡಿ. ಹಿರಿಯರು ಮೂಲ ಹಾಡಿಗೆ ಕುಣಿದು ಇಳೀತಾರೆ, ಹಿಂದೇನೇ ಹುಡುಗರು ರಿಮೇಕ್‌ಗೆ ಕುಣೀತಾರೆ. ಜನ ಹೋಲಿಕೆ ಮಾಡ್ತಾ ಕೂರ್ತಾರೆ. ಒಬ್ಬರು ಗೆಲ್ತಾರೆ, ಒಬ್ಬರು ಸೋಲ್ತಾರೆ. ಹೆಸರು ಒಂದೇ ಇದ್ದು ಹಾಡು ಬೇರೆ ಆದ್ರೆ ಆ ಪಜೀತಿ ಇಲ್ಲ.

ಅಂಕೋಲಾ ಹುಡ್ಗ

ಕ್ಯಾಸೆಟ್ ಅಣ್ಣಾ, ರಿಮೇಕ್ ಅಂದ ಕೂಡ್ಲೆ ಮೂಗು ಮುರಿಬೇಡಿ. 'ಮುಕ್ಕಾಬಲಾ' ತಗೊಳ್ಳಿ. 1994ರ 'ಕಾದಲನ್'ನಲ್ಲಿ ಕುಣಿದದ್ದು ಪ್ರಭುದೇವ, 2020ರ 'ಸ್ಟ್ರೀಟ್ ಡಾನ್ಸರ್'ನಲ್ಲೂ ಅದೇ ಪ್ರಭುದೇವ. ಮೂಗೂರು ಸುಂದರ್ ಮಾಸ್ಟರ್ ಮಗ, ನಮ್ಮ ಮೈಸೂರಿನ ಕಡೆಯವರು. ಅಷ್ಟು ವರ್ಷ ಆದಮೇಲೂ ಆ ಮನುಷ್ಯನ ಸೊಂಟಕ್ಕೆ ಎಲುಬು ಇದೆಯೋ ಇಲ್ವೋ ಅನ್ನೋ ಅನುಮಾನ ಹೋಗಿಲ್ಲ. ಇದನ್ನ ಮೋಸ ಅಂತೀರಾ?

ಇನ್ನೊಂದು. ಪ್ರಪಂಚಕ್ಕೆಲ್ಲ 'ದ ಟ್ವಿಸ್ಟ್' ಅಂದ್ರೆ ಚಬ್ಬಿ ಚೆಕರ್. ಆದ್ರೆ ಆ ಹಾಡನ್ನ ಅವನಿಗಿಂತ ಮುಂಚೆ ಮಾಡಿದ್ದು ಹ್ಯಾಂಕ್ ಬ್ಯಾಲರ್ಡ್. 1960ರ ರಿಮೇಕೇ ಅಮೆರಿಕದಲ್ಲಿ ಒಂದನೇ ನಂಬರಿಗೆ ಹೋಯ್ತು, ಎರಡು ವರ್ಷ ಬಿಟ್ಟು 1962ರಲ್ಲಿ ಮತ್ತೊಮ್ಮೆ ಹೋಯ್ತು. ಮೂಲದ್ದು ಯಾರಿಗೆ ನೆನಪಿದೆ?

ಹಳೆ ಕ್ಯಾಸೆಟ್

ತಮ್ಮಾ, ರಿಮೇಕ್ ಕೆಟ್ಟದು ಅಂತ ನಾನು ಎಲ್ಲಿ ಹೇಳಿದೆ? ಈ ಆಟಕ್ಕೆ ಬರಲ್ಲ ಅಂದೆ. ಒಳ್ಳೇ ಉದಾಹರಣೆ ಬೇಕಾದ್ರೆ 'ವೀನಸ್' ನೋಡು. 1959ರಲ್ಲಿ ಫ್ರಾಂಕಿ ಅವಲಾನ್ ಹಾಡಿದ್ದು ಒಂದು ಹಾಡು, ಮೆಲ್ಲಗೆ ತೇಲೋ ಅಂಥದ್ದು. 1969ರಲ್ಲಿ ಶಾಕಿಂಗ್ ಬ್ಲೂ ಅನ್ನೋ ಡಚ್ ಬ್ಯಾಂಡ್ ಮಾಡಿದ್ದು ಬೇರೆಯದೇ ಹಾಡು. 1986ರಲ್ಲಿ ಬನನರಾಮಾ ಹುಡುಗಿಯರು ಹಾಡಿದ್ದು ಡಚ್ಚರ ಹಾಡಿನ ರಿಮೇಕ್. ಮೂರೂ ಅಮೆರಿಕದಲ್ಲಿ ಒಂದನೇ ನಂಬರ್ ಆದವು. ಒಂದೇ ಹೆಸರಿನಡಿ ನಾನು ಹೇಳಿದ್ದೂ ಇದೆ, ನೀನು ಹೇಳಿದ್ದೂ ಇದೆ. ಜಗಳ ಸಾಕು.

ಮುಕ್ಕಾಬಲಾ ಬಗ್ಗೆ ಮಾತಿಲ್ಲ. ಅದು ಬಿಟ್ಟು.

ಮೈಕ್‌ಸೆಟ್ ಕುಮಟಾ

ಮೈಕ್‌ಸೆಟ್‌ನವನಾಗಿ ಎರಡು ಮಾತು. ಈ ಒಂದೇ ಹೆಸರಿನ ಹಾಡುಗಳು ನಿಮಗೆ ತಮಾಷೆ, ನಮಗೆ ತಲೆನೋವು. ಒಂದು ಶಾಲೆ ಗ್ಯಾದರಿಂಗ್‌ನಲ್ಲಿ (ಯಾವುದು ಅಂತ ಬೇಡ) ಹುಡುಗಿಯರು ತೇಜಾಬ್ ಹಾಡಿಗೆ ತಯಾರಾಗಿ ಬಂದಿದ್ರು. ಆ ಹಾಡು ಹೇಗೆ ಶುರುವಾಗ್ತದೆ ಗೊತ್ತಲ್ಲ, ಮೊದಲು ಜನ 'ಮೋಹಿನಿ ಮೋಹಿನಿ' ಅಂತ ಕೂಗ್ತಾರೆ, ಆಮೇಲೆ ಡಿಂಗ್‌ಡಾಂಗ್ ಅಂತ ಬರ್ತದೆ. ಹುಡುಗಿಯರು ಬೆನ್ನು ತಿರುಗಿಸಿ, ಒಂದು ಕೈ ಸೊಂಟಕ್ಕೆ ಇಟ್ಟು, ಆ ಕೂಗಿಗೆ ಕಾಯ್ತಾ ನಿಂತಿದ್ರು. ಪೆನ್‌ಡ್ರೈವ್ ಕೊಟ್ಟಿರಲಿಲ್ಲ. "ಅಣ್ಣಾ, ಏಕ್ ದೋ ತೀನ್ ಹಾಕಿ" ಅಂತ ಒಬ್ಬ ಮೇಷ್ಟ್ರು ಬಂದು ಹೇಳಿ ಹೋದ್ರು, ನಾನು ಫೋನಲ್ಲಿ ಹುಡುಕಿದೆ, ಮೇಲೆ ಬಂದಿದ್ದು ಹೊಸದು. ಹಾಡು ಶುರುವಾಯ್ತು, ಹುಡುಗಿಯರು ಅಲ್ಲಾಡಲಿಲ್ಲ. ಒಬ್ಬಳು ಮಾತ್ರ ಕತ್ತು ತಿರುಗಿಸಿ ನನ್ನನ್ನೇ ಗುರಾಯಿಸ್ತಾ ಇದ್ಲು.

ಆದ್ದರಿಂದ ಹಾಡು ಯಾವುದಾದ್ರೂ ಇರಲಿ, ಫೈಲಿನ ಹೆಸರಲ್ಲಿ ಹಾಡಿನ ಹೆಸರೊಂದೇ ಬರೆದು ಕೊಡಬೇಡಿ. ಮೊದಲು ಕ್ರಮಸಂಖ್ಯೆ, ಆಮೇಲೆ ಬ್ಯಾಚ್, ಆಮೇಲೆ ಹಾಡು, ಇಸವಿ. '02 ಬ್ಯಾಚ್ 96 ಏಕ್ ದೋ ತೀನ್ 1988' ಅಂತ. ಎರಡು ಪೆನ್‌ಡ್ರೈವ್ ಮಾಡಿ, ಒಂದು ನಿಮ್ಮ ಹತ್ರನೇ ಇರಲಿ. ಹಾಡು ಎಲ್ಲಿಂದ ಎಲ್ಲಿಗೆ ಬೇಕೋ ಅಲ್ಲಿಗೆ ಕತ್ತರಿಸಿಯೇ ಕೊಡಿ, 'ಎರಡನೇ ಚರಣ ಮುಗಿದ ಕೂಡ್ಲೆ ನಿಲ್ಲಿಸಿ' ಅಂತ ಚೀಟಿ ಕಳಿಸಬೇಡಿ. ಸೈಕಲ್ ಸ್ಟ್ಯಾಂಡ್ ಹತ್ರ ಕೂತವನಿಗೆ ಚರಣ ಯಾವುದು, ಪಲ್ಲವಿ ಯಾವುದು ಅಂತ ಕೇಳೋದಿಲ್ಲ. ಫೋನಿಂದ ಹಾಕೋದಾದ್ರೆ ಏರೋಪ್ಲೇನ್ ಮೋಡ್‌ನಲ್ಲಿ ಇಡಿ. ಡಾನ್ಸ್ ನಡುವೆ ಯಾರದೋ ಅತ್ತೆ ಫೋನ್ ಬಂದು ಊರಿಗೆಲ್ಲ ರಿಂಗ್ ಕೇಳಿಸಿದ್ದು ಇದೆ.

ಕೋಡಿಬಾಗದವಳು

ಮೈಕ್‌ಸೆಟ್ ಅಣ್ಣಾ, ಇದನ್ನ ಹಾಗೇ ಪ್ರಿಂಟ್ ಹಾಕಿ ಗ್ರೂಪಿಗೆ ಕಳಿಸ್ತೇನೆ.

ಕ್ಯಾಸೆಟ್ ಅವರು ಹೇಳಿದ್ದೇ ನನ್ನ ಮನಸ್ಸಲ್ಲೂ ಇರೋದು, ಹೆಸರು ಒಂದು, ಹಾಡು ಬೇರೆ. ಆದ್ರೆ ಕನ್ನಡದ್ದು ಒಂದೂ ಬರಲಿಲ್ಲವಲ್ಲ? ಕಾರವಾರದಲ್ಲಿ ಕನ್ನಡ ಹಾಡು ಇಲ್ಲದೆ ಕಾರ್ಯಕ್ರಮ ಮಾಡಿದ್ರೆ ಆಮೇಲೆ ಮಾತು ಕೇಳಬೇಕಾಗೋದು ನಾನು.

ಹೊನ್ನಾವರ ಕಡೆ

ಅಕ್ಕಾ, ನಾನೂ ಕೂತು ಯೋಚನೆ ಮಾಡಿದೆ. ಕನ್ನಡದಲ್ಲಿ ನಡೆಯೋದು ಸ್ವಲ್ಪ ಬೇರೆ ತರ. ಹಳೆ ಹಾಡಿನ ಮೊದಲ ಸಾಲು ತಗೊಂಡು ನಮ್ಮವರು ಹೊಸ ಹಾಡು ಬರೆಯೋದು ಕಡಿಮೆ, ಹೊಸ ಸಿನಿಮಾಕ್ಕೆ ಹೆಸರಿಡೋದು ಜಾಸ್ತಿ. 'ನಮ್ಮೂರ ಮಂದಾರ ಹೂವೆ' ಮೊದಲು 1981ರ 'ಆಲೆಮನೆ' ಸಿನಿಮಾದ ಹಾಡು, ದೊಡ್ಡರಂಗೇಗೌಡರು ಬರೆದದ್ದು, ಎಸ್ಪಿಬಿ ಹಾಡಿದ್ದು. 1996ರಲ್ಲಿ ಸುನಿಲ್ ಕುಮಾರ್ ದೇಸಾಯಿ ಅದೇ ಹೆಸರಿನ ಸಿನಿಮಾ ಮಾಡಿದ್ರು, ನಮ್ಮ ಯಾಣದ ಬಂಡೆ ಇಡೀ ರಾಜ್ಯಕ್ಕೆ ಗೊತ್ತಾಯ್ತು. (ಆಮೇಲೆ ಅಲ್ಲಿಗೆ ಬಂದ ಜನ, ಬಿಟ್ಟು ಹೋದ ಪ್ಲಾಸ್ಟಿಕ್, ಅದು ಬೇರೆ ವಿಷಯ.)

ಇನ್ನೊಂದು 'ಜೊತೆ ಜೊತೆಯಲಿ'. 1981ರ 'ಗೀತಾ' ಸಿನಿಮಾದ ಇಳಯರಾಜಾ ಹಾಡು, 2006ರಲ್ಲಿ ಸಿನಿಮಾದ ಹೆಸರು, 2019ರಲ್ಲಿ ಟೀವಿ ಧಾರಾವಾಹಿ ಹೆಸರು. ತಮಾಷೆ ಅಂದ್ರೆ ಅದೇ ಟ್ಯೂನ್ 2007ರ ಹಿಂದಿ 'ಚೀನಿ ಕಮ್'ನಲ್ಲಿ ಬೇರೆ ಹೆಸರಿಟ್ಟುಕೊಂಡು ಬಂತು. ಅಂದ್ರೆ ಹೆಸರು ಒಂದು ಕಡೆ ಹೋಯ್ತು, ಟ್ಯೂನ್ ಇನ್ನೊಂದು ಕಡೆ ಹೋಯ್ತು!

ಆದ್ರೆ ಇವು ಯಾವುದೂ ಕುಣಿಯೋ ಹಾಡಲ್ಲ, ನಿಮ್ಮ ಲೆಕ್ಕಕ್ಕೆ ಬರಲ್ಲ. ಕನ್ನಡ ಹಾಡು ಬೇಕೇ ಬೇಕು ಅಂದ್ರೆ ಈ ಹೆಸರಿನ ಆಟದ ಹೊರಗೆ, ಕಾರ್ಯಕ್ರಮದ ಕೊನೆಗೆ ಎಲ್ಲಾ ಬ್ಯಾಚಿನವರನ್ನ ಒಟ್ಟಿಗೆ ಹತ್ತಿಸಿ 'ಗೀತಾ'ದ 'ಸಂತೋಷಕ್ಕೆ' ಹಾಕಿ. ಶಂಕರ್ ನಾಗ್ ನಮ್ಮ ಹೊನ್ನಾವರ ಕಡೆಯವರು, 82ರ ಬ್ಯಾಚಿನವರು ಹೈಸ್ಕೂಲಲ್ಲಿ ಇದ್ದಾಗ ಬಂದ ಹಾಡು. ಅದಕ್ಕೆ ಸ್ಟೆಪ್ಪು ಕಲಿಸಬೇಕಾಗಿಲ್ಲ, ಮೊಣಕಾಲು ಇದ್ದವರು ಇಲ್ಲದವರು ಎಲ್ಲರೂ ಕುಣೀತಾರೆ.

ಸಿರ್ಸಿ ಪೇಟೆ

'ಸಂತೋಷಕ್ಕೆ'ಗೆ ನನ್ನ ಓಟು.

ಬಿದ್ದು ಅಭಿಮಾನಿ

ಯಾರೂ 'ಮೇಡ್ ಇನ್ ಇಂಡಿಯಾ' ಹೇಳಲಿಲ್ಲ, ಆಶ್ಚರ್ಯ. 1995ರಲ್ಲಿ ಅಲೀಶಾ ಚಿನಾಯ್, 2018ರಲ್ಲಿ ಗುರು ರಂಧಾವಾ. ಹೆಸರು ಅಕ್ಷರ ಅಕ್ಷರ ಅದೇ, ಹಾಡು ಪೂರಾ ಬೇರೆ. 96ರ ಬ್ಯಾಚಿನವರು ಎಸ್ಸೆಸ್ಸೆಲ್ಸಿ ಓದ್ತಿದ್ದಾಗ ಟೀವಿಯಲ್ಲಿ ಅಲೀಶಾ ಬಿಟ್ರೆ ಬೇರೆ ಇರಲಿಲ್ಲ. ಮಿಲಿಂದ್ ಸೋಮನ್ ಪೆಟ್ಟಿಗೆಯೊಳಗಿಂದ ಬರ್ತಾನಲ್ಲ, ಆ ವಿಡಿಯೋ. 2019ರವರಿಗೆ ಗುರು ರಂಧಾವಾ ಅಂದ್ರೆ ಹೇಳೋದೇ ಬೇಡ. ಕೇಳಿ ಮಾಡಿಸಿದ ಹಾಗೆ ಇದೆ.

ಅಲೀಶಾ ಹಾಡು ಮಾಡಿದವರು ಬಿದ್ದು. ಪೂರ್ತಿ ಹೆಸರು ಬಿದ್ದು ಅಪ್ಪಯ್ಯ, ಬೆಂಗಳೂರಲ್ಲಿ ಹುಟ್ಟಿದ ಕೊಡವರು. ಅಲ್ಲಿಂದ ಲಂಡನ್‌ಗೆ ಹೋಗಿ 1974ರಲ್ಲಿ ಕಾರ್ಲ್ ಡಗ್ಲಸ್ ಕೈಲಿ 'ಕುಂಗ್ ಫು ಫೈಟಿಂಗ್' ಹಾಡಿಸಿದ್ರು, 1980ರಲ್ಲಿ ಕುರ್ಬಾನಿಗೆ ನಾಜಿಯಾ ಹಸನ್ ಹಾಡಿದ 'ಆಪ್ ಜೈಸಾ ಕೋಯಿ' ಮಾಡಿದ್ರು, 1981ರಲ್ಲಿ 'ಡಿಸ್ಕೋ ದೀವಾನೆ'. ನಮ್ಮ ಕಡೆ ಮದುವೆ ಬ್ಯಾಂಡಿನವರು ಇವತ್ತಿಗೂ ಬಾರಿಸೋ ಹಾಡುಗಳ ಹಿಂದೆ ಒಬ್ಬ ಕೊಡವ ಇದ್ದಾನೆ ಅಂತ ಎಷ್ಟು ಜನಕ್ಕೆ ಗೊತ್ತು? ನಿರೂಪಣೆಯಲ್ಲಿ ಇದನ್ನ ಹೇಳಿಸಿ. ಕನ್ನಡದ ಕೊರತೆ ಅರ್ಧ ನೀಗ್ತದೆ.

ಒಂದು ಎಚ್ಚರಿಕೆ. ಅಲೀಶಾ ಹಾಡು ನೆನಪಲ್ಲಿ ಇರೋದಕ್ಕಿಂತ ನಿಧಾನ. ಮೊದಲು ಅದನ್ನ ಇಟ್ಟು, ಆಮೇಲೆ ರಂಧಾವಾ ಇಡಿ. ತಿರುಗಿಸಿ ಇಟ್ರೆ ಸ್ಟೇಜ್ ತಣ್ಣಗಾಗ್ತದೆ.

ಕಾಳಿ ಆಚೆ

ಸದಾಶಿವಗಡದಿಂದ ಬರೀತಿದ್ದೇನೆ. ಕೊಂಕಣಿಯದೂ ಒಂದು ಇರಲಿ, ನಮ್ಮ ಊರಿನ ಕಾರ್ಯಕ್ರಮ ಅಲ್ವಾ. 'ಹಾಂವ್ ಸಾಯ್ಬಾ ಪೊಲ್ತಡಿ ವೆತಾಂ' ಅನ್ನೋ ದೆಖಣಿ (ಕುಣೀತಾ ಹಾಡೋ ಕೊಂಕಣಿ ಹಾಡು). ಕುಣಿಯೋ ಹುಡುಗಿಯರು ಹೊಳೆ ಆಚೆ ದಾಮುವಿನ ಮದುವೆಗೆ ಹೋಗಬೇಕು, ದಾಟಿಸು ಅಂತ ಅಂಬಿಗನ ಹತ್ರ ಕೇಳ್ತಾರೆ, ಮೈಮೇಲಿನ ಒಡವೆ ಒಂದೊಂದೇ ಕೊಡ್ತೇವೆ ಅಂತಾರೆ, ಅವನು ಒಲ್ಲೆ ಅಂತಾನೆ. 1973ರ 'ಬಾಬಿ'ಯಲ್ಲಿ ಇದರ ಧಾಟಿಯೇ ಬಂತು, ಹೆಸರು ಮಾತ್ರ ಬೇರೆ. ಹಾಗಾಗಿ ನಿಮ್ಮ ನಿಯಮಕ್ಕೆ ಸಿಗಲ್ಲ, ಗೊತ್ತು. ಆದ್ರೆ ಒಂದು ಬ್ಯಾಚ್ ಇಳಿದು ಇನ್ನೊಂದು ಹತ್ತೋ ನಡುವೆ ಸ್ಟೇಜ್ ಖಾಲಿ ಇರ್ತದಲ್ಲ, ಆಗ ಇದನ್ನ ಗುಮಟೆ ಮೇಲೆ ಬಾರಿಸಿದ್ರೆ ಚೆನ್ನಾಗಿರ್ತದೆ. ಹಾಲಕ್ಕಿಯವರಲ್ಲಿ ಒಳ್ಳೇ ಗುಮಟೆ ಬಾರಿಸೋರು ಇದ್ದಾರೆ, ಗೌರವದಿಂದ ಕರೆದು, ಸಂಭಾವನೆ ಮೊದಲೇ ಮಾತಾಡಿ. ಜಾನಪದದವರು ಅಂದ ಕೂಡ್ಲೆ ಶಾಲು ಹೊದಿಸಿ ಕಳಿಸೋ ಚಾಳಿ ನಮ್ಮಲ್ಲಿದೆ, ಅದು ಬೇಡ.

ವಕೀಲರ ಆಫೀಸಿನವಳು

ಒಂದೇ ಹೆಸರು ಇಟ್ಟರೆ ಕೇಸ್ ಆಗಲ್ವಾ ಅಂತ ಯಾರೂ ಕೇಳಲಿಲ್ಲ, ಆದ್ರೂ ಹೇಳ್ತೇನೆ. ಬರೀ ಹೆಸರಿಗೆ ಕಾಪಿರೈಟ್ ಇಲ್ಲ. 'ದೇಸಿ ಬಾಯ್ಸ್' ಅನ್ನೋ ಸಿನಿಮಾ ಹೆಸರಿನ ಜಗಳದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೀಗೇ ಹೇಳಿದೆ. ಅದಕ್ಕೇ ಒಂದೇ ಹೆಸರಿನ ಹಾಡುಗಳು ಇಷ್ಟೊಂದು ಇರೋದು. ರಿಮೇಕ್ ಮಾತು ಬೇರೆ. ಅಲ್ಲಿ ಟ್ಯೂನು, ಸಾಹಿತ್ಯ ಎರಡಕ್ಕೂ ಹಕ್ಕುದಾರರಿಂದ ಪರವಾನಗಿ ಬೇಕು.

ನಿಮಗೆ ಬೇಕಾಗೋ ವಿಷಯ ಇನ್ನೊಂದಿದೆ. ಶಾಲೆಯ ಚಟುವಟಿಕೆಯಾಗಿ ವಿದ್ಯಾರ್ಥಿಗಳು, ಶಿಕ್ಷಕರು ಕುಣಿದು, ನೋಡೋರೂ ಅವರು ಮತ್ತು ಪಾಲಕರೇ ಆಗಿದ್ರೆ ಕಾನೂನಿನಲ್ಲಿ ವಿನಾಯಿತಿ ಇದೆ. ಹಳೆ ವಿದ್ಯಾರ್ಥಿಗಳು ಹಾಲ್ ಬಾಡಿಗೆ ಹಿಡಿದು, ಟಿಕೆಟ್ ಇಟ್ಟು, ಊರವರನ್ನೆಲ್ಲ ಕರೆದು ಮಾಡೋದಾದ್ರೆ ಆ ವಿನಾಯಿತಿ ನಂಬಿಕೊಂಡು ಕೂರಬೇಡಿ, ಐಪಿಆರ್‌ಎಸ್‌ನಂಥವರ (ಹಾಡಿನ ಹಕ್ಕುದಾರರ ಪರವಾಗಿ ಲೈಸೆನ್ಸ್ ಕೊಡೋ ಸಂಸ್ಥೆ) ಹತ್ರ ಮೊದಲೇ ಲೈಸೆನ್ಸ್ ವಿಚಾರಿಸಿ. ವಿಡಿಯೋ ಯೂಟ್ಯೂಬಿಗೆ ಹಾಕಿದ್ರೆ ಹಾಡಿನ ಜಾಗದಲ್ಲಿ ಸದ್ದು ಹೋಗೋ ಸಾಧ್ಯತೆ ಇದೆ. ನಿಮ್ಮ ಗ್ರೂಪಲ್ಲೇ ಹಂಚಿಕೊಳ್ಳಿ.

ಕೋಡಿಬಾಗದವಳು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಗ್ರೂಪಲ್ಲಿ ಮಾತಾಡಿ ತೀರ್ಮಾನ ಮಾಡಿದ್ವಿ. ಮೂರು ಹಾಡಿಗೆ ಒಂದೇ ಹೆಸರು ಅನ್ನೋ ಹಟ ಬಿಟ್ಟು ಎರಡು ಜೋಡಿ ಮಾಡ್ತಿದ್ದೇವೆ. ಮೊದಲನೇ ಜೋಡಿ 'ಏಕ್ ದೋ ತೀನ್': 82ರವರು ಶಂಶಾದ್ ಬೇಗಂ ಹಾಡಿಗೆ, 96ರ ಹೆಂಗಸರು ಮಾಧುರಿ ಹಾಡಿಗೆ. 1951ರದ್ದು 82ರವರ ಕಾಲದ್ದೂ ಅಲ್ಲ, ಅವರ ಅಪ್ಪ ಅಮ್ಮನ ಕಾಲದ್ದು, ಆದ್ರೂ ಅವರೇ ಕೇಳಿ ತಗೊಂಡ್ರು. ಹೆಸರು ಹೇಳಿದ ಕೂಡ್ಲೆ ಎಲ್ಲರೂ ಮಾಧುರಿ ಹಾಡು ಅಂದುಕೊಳ್ತಾರೆ, ಆ ಮಜಾ ಅವರಿಗೆ ಬೇಕಂತೆ. ಎರಡನೇ ಜೋಡಿ 'ಮೇಡ್ ಇನ್ ಇಂಡಿಯಾ': 96ರ ಗಂಡಸರು ಅಲೀಶಾಗೆ, 2019ರವರು ರಂಧಾವಾಗೆ. ನಡುವೆ ಗುಮಟೆ, ಅಂಕೋಲಾ ಕಡೆ ಮಾತಾಡ್ತಿದ್ದೇವೆ. ಕೊನೆಗೆ 'ಸಂತೋಷಕ್ಕೆ', ಸ್ಟೇಜ್ ತಡೆದುಕೊಂಡ್ರೆ. ಟಿಕೆಟ್ ಇಲ್ಲ, ಕುಟುಂಬದವರು ಮಾತ್ರ. ಆದ್ರೂ ಲೈಸೆನ್ಸ್ ವಿಚಾರಿಸೋಕೆ ಒಬ್ಬರಿಗೆ ಹೇಳಿದ್ದೇನೆ.

ಬಗೆಹರಿಯದೆ ಉಳಿದಿರೋದು ಮಿಲಿಂದ್ ಸೋಮನ್ ಪಾತ್ರ. ಪೆಟ್ಟಿಗೆ ಸಿಕ್ಕಿದೆ, ಒಳಗೆ ಕೂರೋಕೆ 96ರ ಗಂಡಸರು ಯಾರೂ ಒಪ್ತಾ ಇಲ್ಲ.

ಅಂಕೋಲಾ ಹುಡ್ಗ

ಒಪ್ಪೋದಿಲ್ವೋ, ಹಿಡಿಸೋದಿಲ್ವೋ? 😀

ಮೈಕ್‌ಸೆಟ್ ಕುಮಟಾ

ಅಕ್ಕಾ, ಹೊರಾಂಗಣ ಆದ್ರೆ ರಾತ್ರಿ 10ಕ್ಕೆ ಸೌಂಡ್ ಬಂದ್ ಮಾಡಬೇಕು, ಪೊಲೀಸರು ಬರ್ತಾರೆ. ಸ್ವಾಗತ ಭಾಷಣ, ಸನ್ಮಾನ ಎಲ್ಲಾ ಸೇರಿಸಿ ನೋಡಿದ್ರೆ ನಿಮ್ಮ 'ಸಂತೋಷಕ್ಕೆ' ಹತ್ತೂಕಾಲಿಗೆ ಬರ್ತದೆ. ಭಾಷಣ ಕಡಿಮೆ ಮಾಡಿ.